ದೇವರ ಗೂಡಿನ ಓಲೆಕಟ್ಟು

2018ರ ಕೊನೆಯಲ್ಲಿ ತಿರುಮಕೂಡಲು ನರಸೀಪುರದಲ್ಲಿ ನಡೆದ ಬಂಧುಗಳ ಮದುವೆಯೊಂದರಲ್ಲಿ, ಮೊದಲನೆಯ ಪಂಕ್ತಿ ಏಳುವುದನ್ನು ಕಾಯುತ್ತ ನಾವು ನಾಲ್ಕಾರು ಜನ ಚಪ್ಪರದ ಕೆಳಗೆ ಕುಳಿತಿದ್ದೆವು. ವಿದೇಶದಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನು ರಜೆಯ ಮೇಲೆ ಬಂದಿದ್ದನು. ಇಟಲಿ ದೇಶದ ಫ್ಲಾರೆನ್ಸ್ ನಗರವನ್ನು ತಾನು ನೋಡಿ ಬಂದ ಕಥೆಯನ್ನು ಅವನು ಬಲು ಉತ್ಸಾಹದಿಂದ ಹೇಳತೊಡಗಿದನು. ಶಿಲ್ಪಿ ಮೈಕೆಲೇಂಜೆಲೊ ರೂಪಿಸಿದ ಗ್ರಂಥಾಲಯವೊಂದು ಅಲ್ಲಿದೆಯಂತೆ. 1571ರಲ್ಲಿ ಓದುಗರಿಗಾಗಿ ತೆರೆದದ್ದಂತೆ. ಹಸ್ತಪ್ರತಿಗಳನ್ನು ಯಾರೂ ಒಯ್ಯದಿರಲೆಂದು ಹಿಂದೆ ಅವನ್ನು ಓದುವ ಪೀಠಗಳಿಗೆ ಸರಪಳಿಯಿಂದ ಬಿಗಿದಿದ್ದರಂತೆ. 1966ರ ನವೆಂಬರ್ 4ರಂದು ಆರ್ನೊ ನದಿಯು ಉಕ್ಕಿ ಊರೊಳಗೆ ನುಗ್ಗಿದಾಗ, ಅಲ್ಲಿಯ ರಾಷ್ಟ್ರೀಯ ಗ್ರಂಥಾಲಯದ ಲಕ್ಷಾಂತರ ಪುಸ್ತಕಗಳು ಕೆಸರಿನಲ್ಲಿ ಮುಳುಗಿದವು. ದೇಶವಿದೇಶಗಳಿಂದ ಬಂದ ತರುಣ ತರುಣಿಯರು ಸಾಲಾಗಿ ನಿಂತು, ಕೈಯಿಂದ ಕೈಗೆ ದಾಟಿಸುತ್ತ ಒಂದೊಂದೇ ಪುಸ್ತಕವನ್ನು ಮೇಲಕ್ಕೆ ತಂದರು. ಅವರನ್ನು ಅಲ್ಲಿಯ ಜನ ಇಂದಿಗೂ 'ಕೆಸರಿನ ದೇವದೂತರು' ಎಂದು ನೆನೆಯುತ್ತಾರೆ.

ಕೇಳಿ ನಮಗೆಲ್ಲ ಸಂತೋಷವಾಯಿತು. ಆದರೂ ಸುಮ್ಮನಿರಲಾರದೆ ಕೇಳಿದೆನು: "ನಮ್ಮ ಮೈಸೂರಿನ ಓಲೆಗರಿಯ ಭಂಡಾರವನ್ನು ನೋಡಿದ್ದೀಯಾ?" ಅವನು ನಕ್ಕು ತಲೆ ತಗ್ಗಿಸಿದನು. ನಾಲ್ಕು ವರ್ಷ ಮೈಸೂರಿನಲ್ಲಿ ಓದಿದ ಹುಡುಗ, ದಿನವೂ ಆ ಕಟ್ಟಡದ ಮುಂದೆಯೇ ಬಸ್ಸಿನಲ್ಲಿ ಓಡಾಡಿದವನು. ಅವನನ್ನು ಹೀಯಾಳಿಸುವ ಹಕ್ಕು ನನಗೂ ಇರಲಿಲ್ಲ. ನಾನು ಅದರ ಮೆಟ್ಟಿಲು ಹತ್ತಿ ಮೂವತ್ತು ವರ್ಷಗಳಾಗಿದ್ದವು.

ಪಕ್ಕದಲ್ಲಿ ಎಲೆ ಅಡಿಕೆ ಮಡಿಸುತ್ತಿದ್ದ ನಂಜನಗೂಡಿನ ನಮ್ಮ ದೊಡ್ಡವ್ವನವರು ಆಗ ಮಾತು ತೆಗೆದರು. "ಗ್ರಂಥ ನೋಡಾಕೆ ಅಷ್ಟು ದೂರ ಯಾಕಪ್ಪ ಹೋಗಿದ್ದೆ? ನಮ್ಮ ದೇವರ ಗೂಡಲ್ಲೇ ಒಂದು ಕಟ್ಟದಲ್ಲ!"

ಆ ಕಟ್ಟನ್ನು ನಾನು ಬಾಲ್ಯದಿಂದ ಬಲ್ಲೆ. ಎರಡು ಮರದ ಹಲಗೆಗಳ ನಡುವೆ, ಮಾಸಿದ ಕೆಂಪು ವಸ್ತ್ರದಲ್ಲಿ ಸುತ್ತಿದ ತಾಳೆಯೋಲೆಗಳು. ವರ್ಷಕ್ಕೊಮ್ಮೆ ನವರಾತ್ರಿಯಲ್ಲಿ ಹೊರಬಂದು, ವಿಭೂತಿ ಹೂವುಗಳಿಂದ ಪೂಜೆಗೊಂಡು, ಮತ್ತೆ ಗೂಡು ಸೇರುತ್ತಿದ್ದವು. ಅದರಲ್ಲಿ ಏನು ಬರೆದಿದೆಯೆಂದು ಬಲ್ಲವರು ಮನೆಯಲ್ಲಿ ಯಾರೂ ಇರಲಿಲ್ಲ. ಇಂತಹ ಕಟ್ಟುಗಳು ಕಪಿಲೆ ಕಾವೇರಿಯರ ದಡದ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆಗಳಲ್ಲಿದ್ದವು. ಓದಲು ಬಾರದ ಗ್ರಂಥವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ಹೆದರಿ, ಅಟ್ಟ ಗುಡಿಸುವಾಗ ಸಿಕ್ಕಿದ ಓಲೆಗಳನ್ನು ಹೊಳೆಗೆ ಬಿಟ್ಟ ಸಂಗತಿಯನ್ನು ಹಿರಿಯರ ಬಾಯಿಂದ ಕೇಳದವರು ನಮ್ಮಲ್ಲಿ ವಿರಳ. ಭಕ್ತಿಯಿಂದಲೇ ಬಿಟ್ಟರು, ಸಂದೇಹವಿಲ್ಲ. ನೀರಿಗೆ ಮಾತ್ರ ಭಕ್ತಿ ತಿಳಿಯದು.

ವಚನ ಸಾಹಿತ್ಯವು ಇಂದು ನಮ್ಮ ಮಕ್ಕಳ ಪಠ್ಯದಲ್ಲಿದೆಯೆಂದರೆ, ಅದು ಹೀಗೆ ಮನೆಮನೆಯ ಗೂಡುಗಳಲ್ಲಿ ಉಳಿದ ಓಲೆಗಳಿಂದ. ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880-1964) ಊರೂರು ಅಲೆದು, ಕಟ್ಟುಗಳನ್ನು ಬೇಡಿ ತಂದು, ಪ್ರತಿ ಮಾಡಿಕೊಂಡು, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. 1925ರಲ್ಲಿ ತಾವೇ ಮುದ್ರಣಾಲಯವನ್ನು ತೆರೆದರು, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು, ಈ ಕೆಲಸಕ್ಕಾಗಿ ಮನೆಯನ್ನೂ ಮಾರಿದರು. ಆದರೆ ಅವರು ಬಾಗಿಲು ತಟ್ಟಿದಾಗ ಗೂಡು ತೆರೆದು ಕಟ್ಟನ್ನು ಕೈಗಿತ್ತ ತಾಯಂದಿರ ಹೆಸರುಗಳನ್ನು ಬರೆದಿಟ್ಟವರಿಲ್ಲ.

ಕಟ್ಟನ್ನು ಮೈಸೂರಿಗೆ ಒಯ್ದು ತೋರಿಸೋಣವೆಂದಾಗ ದೊಡ್ಡವ್ವನವರು ಒಪ್ಪಲಿಲ್ಲ. ಅದಕ್ಕೆ ಕಾರಣವಿತ್ತು. ಬಹಳ ಹಿಂದೆ, ನಮ್ಮ ದೊಡ್ಡಪ್ಪನವರ ಕಾಲದಲ್ಲಿ, ಪರಿಚಿತರೊಬ್ಬರು ಓದಿ ಹಿಂದಿರುಗಿಸುವೆನೆಂದು ಇನ್ನೊಂದು ಕಟ್ಟನ್ನು ಒಯ್ದಿದ್ದರು. ಅದು ಮರಳಿ ಬರಲೇ ಇಲ್ಲ. ಕೊನೆಗೆ, ತಾವೂ ಜೊತೆಯಲ್ಲಿ ಬರುವುದು, ಕಟ್ಟು ತಮ್ಮ ಮಡಿಲಲ್ಲಿಯೇ ಇರುವುದು, ಸಂಜೆಯೊಳಗೆ ಗೂಡಿಗೆ ಮರಳುವುದು ಎಂಬ ಮೂರು ಕರಾರುಗಳ ಮೇಲೆ ಒಪ್ಪಿದರು.

2019ರ ಜನವರಿಯ ಒಂದು ಸೋಮವಾರ ಹೊರಟೆವು. ಸೋಮವಾರವಾದ್ದರಿಂದ ಶ್ರೀಕಂಠೇಶ್ವರನ ದರ್ಶನ ಮಾಡದೆ ಊರು ಬಿಡುವಂತಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಅರಸಿ ದೇವಾಜಮ್ಮಣ್ಣಿಯವರು 1845ರಲ್ಲಿ ಕಟ್ಟಿಸಿದ ಏಳು ನೆಲೆಯ ರಾಜಗೋಪುರವನ್ನು ನೋಡದ ಓದುಗರಿಲ್ಲ. ಆದರೆ ಒಳಗೆ ಸಾಲಾಗಿ ನಿಂತಿರುವ ಅರವತ್ತುಮೂವರು ಪುರಾತನರನ್ನು ನಿಂತು ನೋಡುವವರು ಕಡಿಮೆ. ಬೇಡ, ಕುಂಬಾರ, ಅಗಸ, ಅರಸ, ವ್ಯಾಪಾರಿ, ಎಲ್ಲರೂ ಒಂದೇ ಸಾಲಿನಲ್ಲಿದ್ದಾರೆ. ಅಕ್ಷರ ಬಾರದವರು ಓದಬಹುದಾದ ಗ್ರಂಥಾಲಯವಿದು ಎಂದು ಅಳಿಯನಿಗೆ ಹೇಳಿದೆ. ಇದೇ ಊರಿನಲ್ಲಿ, ಬಾಲ್ಯದಲ್ಲಿಯೇ ವೈಧವ್ಯ ಪ್ರಾಪ್ತವಾದ ತಿರುಮಲಾಂಬ (1887-1982) ಎಂಬ ಹೆಣ್ಣುಮಗಳು 1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ಆರಂಭಿಸಿ, ಪತ್ರಿಕೆಯನ್ನೂ ನಡೆಸಿದ್ದನ್ನು ಹೇಳಿದಾಗ ಅವನಿಗಿಂತ ದೊಡ್ಡವ್ವನವರಿಗೇ ಹೆಚ್ಚು ಆಶ್ಚರ್ಯವಾಯಿತು.

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಕಟ್ಟಡಕ್ಕೆ 1887ರಲ್ಲಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಐವತ್ತನೆಯ ವರ್ಷದ ನೆನಪಿಗಾಗಿ ಅಸ್ತಿಭಾರ ಹಾಕಲಾಯಿತು. ಹತ್ತನೆಯ ಚಾಮರಾಜೇಂದ್ರ ಒಡೆಯರು 1891ರಲ್ಲಿ ಪ್ರಾಚೀನ ಗ್ರಂಥಗಳ ಸಂಗ್ರಹಕ್ಕಾಗಿ ಈ ಸಂಸ್ಥೆಯನ್ನು ಸ್ಥಾಪಿಸಿದರು. 1916ರಲ್ಲಿ ಇದು ಮೈಸೂರು ವಿಶ್ವವಿದ್ಯಾನಿಲಯದ ಅಂಗವಾಯಿತು. ಹೊರಗೋಡೆಯ ಮೇಲ್ಭಾಗದಲ್ಲಿ ರಾಮಾಯಣ ಮಹಾಭಾರತಗಳ ದೃಶ್ಯಗಳನ್ನು ಗಾರೆಯಲ್ಲಿ ಮಾಡಿದ್ದಾರೆ. ರಸ್ತೆಯಲ್ಲಿ ಹೋಗುವಾಗ ಕತ್ತೆತ್ತಿದರೆ ಸಾಕು, ಕಾಣುತ್ತದೆ.

ಈ ಸಂಸ್ಥೆಗೆ ಜಗತ್ತಿನ ಕೀರ್ತಿ ಬಂದದ್ದು ಒಂದು ಕಟ್ಟಿನಿಂದ. 1905ರಲ್ಲಿ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಗಳನ್ನು ತಂದೊಪ್ಪಿಸಿದರು. ಅಲ್ಲಿಯ ಗ್ರಂಥಪಾಲಕರಾಗಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಅದನ್ನು ಕುಳಿತು ಓದಿದರು. ಅದು ಕೌಟಿಲ್ಯನ 'ಅರ್ಥಶಾಸ್ತ್ರ'! ಅಲ್ಲಿಯವರೆಗೆ ಬೇರೆ ಗ್ರಂಥಗಳಲ್ಲಿ ಅದರ ಉಲ್ಲೇಖ ಮಾತ್ರ ಕಾಣುತ್ತಿತ್ತು, ಗ್ರಂಥವು ನಷ್ಟವಾಯಿತೆಂದೇ ವಿದ್ವಾಂಸರು ತಿಳಿದಿದ್ದರು. 1909ರಲ್ಲಿ ಮೂಲವೂ, 1915ರಲ್ಲಿ ಇಂಗ್ಲಿಷ್ ಅನುವಾದವೂ ಪ್ರಕಟವಾದ ಮೇಲೆ ಭಾರತದ ಪ್ರಾಚೀನ ರಾಜ್ಯವ್ಯವಸ್ಥೆಯ ಬಗೆಗಿನ ತಿಳಿವಳಿಕೆಯೇ ಬೇರೆಯಾಯಿತು. ಇದನ್ನು ಕೇಳಿ ದೊಡ್ಡವ್ವನವರು, "ಆ ಪಂಡಿತರು ತಿರುಗಾ ಇಸ್ಕೊಂಡು ಹೋಗಲಿಲ್ವಾ?" ಎಂದರು. ಉತ್ತರ ಹೇಳಲು ನಾನು ಸ್ವಲ್ಪ ತಡವರಿಸಿದೆ.

ಕನ್ನಡದ ಹಸ್ತಪ್ರತಿಗಳ ನೆಲೆ ಮಾನಸಗಂಗೋತ್ರಿ. 1966ರಲ್ಲಿ ಅಲ್ಲಿ ಆರಂಭವಾದ, ಈಗ ಕುವೆಂಪು ಅವರ ಹೆಸರನ್ನು ಹೊತ್ತಿರುವ ಕನ್ನಡ ಅಧ್ಯಯನ ಸಂಸ್ಥೆಗೆ ಹೋದೆವು. ಹಸ್ತಪ್ರತಿಗಳನ್ನು ಬಲ್ಲ ಹಿರಿಯರೊಬ್ಬರು ಬಟ್ಟೆ ಹಾಸಿದ ಮೇಜಿನ ಮೇಲೆ ನಮ್ಮ ಕಟ್ಟನ್ನು ಬಿಚ್ಚಿದರು. ಕುಂಕುಮ ವಿಭೂತಿಗಳ ಪುಡಿಯನ್ನು ಮೆತ್ತನೆಯ ಕುಂಚದಿಂದ ತೆಗೆದರು. ದೀಪದ ಹೊಗೆ, ಎಣ್ಣೆಯ ಕೈ, ಗೂಡಿನ ತೇವ, ಇವು ಹುಳುವಿಗಿಂತ ಕಡಿಮೆಯ ಶತ್ರುಗಳಲ್ಲವೆಂದರು. ಓಲೆಯ ಮೇಲೆ ಬರೆಯುವುದೆಂದರೆ ಮಸಿಯಿಂದ ಬರೆಯುವುದಲ್ಲ. ಕಂಠವೆಂಬ ಕಬ್ಬಿಣದ ಮೊನೆಯಿಂದ ಅಕ್ಷರವನ್ನು ಕೊರೆದು, ಮೇಲೆ ಕಾಡಿಗೆಯನ್ನು ಸವರಿ ಒರೆಸಿದರೆ ಗೆರೆಗಳಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ. ಒಣಗಿದ ಓಲೆಗೆ ನಿಂಬೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಲೇಪಿಸಿದರೆ ಅದು ಬಾಗುವ ಗುಣವನ್ನು ಮರಳಿ ಪಡೆಯುತ್ತದೆ, ಹುಳುವೂ ಹತ್ತಿರ ಸುಳಿಯದು.

ನಮ್ಮ ಕಟ್ಟಿನಲ್ಲಿದ್ದದ್ದು ಅರ್ಥಶಾಸ್ತ್ರದಂತಹ ಅಪೂರ್ವ ಗ್ರಂಥವಲ್ಲ. ಭೀಮಕವಿಯು 1369ರಲ್ಲಿ ರಚಿಸಿದ 'ಬಸವಪುರಾಣ'ದ ಪ್ರತಿ, ಅದೂ ಪೂರ್ಣವಲ್ಲ. ಕೊನೆಯಲ್ಲಿ ದನಗಳ ಔಷಧದ ನಾಲ್ಕು ಓಲೆಗಳು, ಭತ್ತದ ಲೆಕ್ಕದ ಎರಡು. ಬಸವಪುರಾಣದ ಪ್ರತಿಗಳು ನಾಡಿನಲ್ಲಿ ಅನೇಕವಿವೆಯೆಂದು ಅವರು ಹೇಳಿದಾಗ ಅಳಿಯನ ಮುಖ ಸಪ್ಪಗಾಯಿತು. ನನ್ನದೂ ಆಗಿರಬೇಕು. ಆಗ ಅವರು ಪುರಾಣದ ಕೊನೆಯ ಓಲೆಯನ್ನು ಬೆಳಕಿಗೆ ಹಿಡಿದು ಓದಿದರು. ಪಾರ್ಥಿವ ಸಂವತ್ಸರದ ಶ್ರಾವಣ ಮಾಸದಲ್ಲಿ ಇದನ್ನು ಬರೆದು ಮುಗಿಸಿದವರ ಹೆಸರು, ಅವರ ಊರು. ಊರು ನಮ್ಮದೇ, ಹೆಸರು ನಮ್ಮ ಮನೆತನದಲ್ಲಿ ಹಿರಿಯ ಮಗನಿಗೆ ಇಂದಿಗೂ ಇಡುವ ಹೆಸರು. ಸಂವತ್ಸರವು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಅದು 1825 ಇರಬಹುದು, 1885 ಇರಬಹುದು. ಇಡೀ ಪುರಾಣವನ್ನು ಕಬ್ಬಿಣದ ಮೊನೆಯಿಂದ ಕೊರೆದವರು ಒಬ್ಬ ರೈತರು! ದೊಡ್ಡವ್ವನವರು ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೊಮ್ಮೆ ಓದಿಸಿದರು.

ಒಂದೇ ಗ್ರಂಥದ ಹಲವು ಪ್ರತಿಗಳಿದ್ದರೆ ಪ್ರಯೋಜನವೇನೆಂದು ಕೆಲವರು ಕೇಳುವುದುಂಟು. ಒಬ್ಬ ಲಿಪಿಕಾರ ಬಿಟ್ಟ ಪದ ಇನ್ನೊಬ್ಬನಲ್ಲಿ ಉಳಿದಿರುತ್ತದೆ. ಸಂಪಾದಕರು ಹತ್ತು ಪ್ರತಿಗಳನ್ನು ಹೋಲಿಸಿಯೇ ಶುದ್ಧಪಾಠವನ್ನು ನಿರ್ಣಯಿಸುತ್ತಾರೆ. ಅಲ್ಲಿಯೇ ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೂರನೆಯ ಸಂಪುಟವನ್ನೂ (1894) ನೋಡಿದೆವು. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ತಮ್ಮ ಊರಿನ ಕೆರೆಯ ಏರಿಯ ಮೇಲೆ ಬಟ್ಟೆ ಒಗೆಯುವ ಕಲ್ಲು ಯಾವುದೆಂದು ತಿಳಿಯಬಯಸುವವರು ಒಮ್ಮೆ ಅದನ್ನು ತೆರೆದು ನೋಡಬೇಕು.

ಅಳಿಯನು ಓಲೆಗಳೆಲ್ಲದರ ಎರಡೂ ಬದಿಯ ಛಾಯಾಚಿತ್ರ ತೆಗೆದನು. ಕಟ್ಟನ್ನು ಇಲ್ಲಿಯೇ ಬಿಟ್ಟರೆ ಸುರಕ್ಷಿತವೆಂದು ಆ ಹಿರಿಯರು ಸೂಚಿಸಿದರು, ಒತ್ತಾಯಿಸಲಿಲ್ಲ. ದೊಡ್ಡವ್ವನವರು ಕರಾರನ್ನು ನೆನಪಿಸಿದರು. ಜಯಲಕ್ಷ್ಮೀವಿಲಾಸವನ್ನು ಹೊರಗಿನಿಂದಲೇ ನೋಡಿ, ಹೊತ್ತು ಮುಳುಗುವುದರೊಳಗೆ ಮನೆ ಸೇರಿದೆವು. ಕಟ್ಟು ಗೂಡು ಸೇರಿತು.

ಅದೇ ವರ್ಷದ ಆಗಸ್ಟಿನಲ್ಲಿ ಕಬಿನಿ ಜಲಾಶಯ ತುಂಬಿ ಹೊರಬಿಟ್ಟ ನೀರಿನಿಂದ ಕಪಿಲೆಯು ಉಕ್ಕಿ ಹರಿದದ್ದು ಓದುಗರಿಗೆ ನೆನಪಿರಬಹುದು. ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೆ ನೀರು ನಿಂತಿತು, ನಂಜನಗೂಡಿನ ತಗ್ಗಿನ ಬೀದಿಗಳೊಳಗೆ ಹೊಳೆ ಬಂದಿತು. ದೊಡ್ಡವ್ವನವರ ಮನೆಯ ಹೊಸ್ತಿಲನ್ನು ದಾಟಿದ ನೀರು ನಡುಮನೆಯಲ್ಲಿ ಮೊಣಕಾಲುದ್ದ ಏರಿತು. ಅಕ್ಕಿಯ ಮೂಟೆ ನೆನೆಯಿತು, ಬೀರು ನೆನೆಯಿತು. ಎಂಬತ್ತರ ಹತ್ತಿರದ ಆ ಜೀವ, ಮಿಕ್ಕದ್ದನ್ನೆಲ್ಲ ಬಿಟ್ಟು, ಓಲೆಕಟ್ಟನ್ನು ತಲೆಯ ಮೇಲಿಟ್ಟುಕೊಂಡು ಮೊಮ್ಮಗನ ಭುಜ ಹಿಡಿದು ಮೇಲಿನ ಬೀದಿಯ ನೆಂಟರ ಮನೆ ಸೇರಿದರು. ವಿಷಯ ತಿಳಿದ ಅಳಿಯನು ಅಲ್ಲಿಂದ ಫೋನು ಮಾಡಿ, ಫ್ಲಾರೆನ್ಸಿನಲ್ಲಿ ಹಾಗೆ ಹೊತ್ತವರಿಗೆ ಏನೆಂದು ಕರೆಯುತ್ತಾರೆಂದು ಅಜ್ಜಿಗೆ ಹೇಳಿದನಂತೆ. "ದೇವದೂತೆ ಅಂತೆ ನಾನು! ಸೊಂಟ ಹಿಡಕೊಂಡದೆ ಕಣಪ್ಪ" ಎಂದು ಅವರು ನಕ್ಕರು.

ನೀರು ಇಳಿದು, ಮನೆ ತೊಳೆದು, ಗೋಡೆ ಒಣಗಿದ ಮೇಲೆ ಅವರೇ ಹೇಳಿ ಕಳುಹಿಸಿದರು. "ಮುಂದಿನ ಸಾರಿ ಹೊತ್ಕೊಂಡು ಓಡಾಕೆ ನಾನು ಇರ್ತೀನೋ ಇಲ್ವೋ. ಓದೋರ ಮನೇಲಿರಲಿ ನಡಿ." ದನಗಳ ಔಷಧದ ನಾಲ್ಕು ಓಲೆಗಳನ್ನು ಮಾತ್ರ ತಮ್ಮಲ್ಲಿಯೇ ಉಳಿಸಿಕೊಂಡರು, ಮನೆಯಲ್ಲಿ ಈಗ ದನಗಳಿಲ್ಲ, ಕಾರಣವನ್ನು ನಾನೂ ಕೇಳಲಿಲ್ಲ. ಉಳಿದ ಕಟ್ಟನ್ನು ಮಾನಸಗಂಗೋತ್ರಿಗೆ ಒಯ್ದು ಒಪ್ಪಿಸಿದೆವು. ಓಲೆಗಳನ್ನು ಎಣಿಸಿ, ಬರೆದುಕೊಂಡು, ರಸೀದಿ ಕೊಟ್ಟರು. ದೊಡ್ಡವ್ವನವರು ಆ ರಸೀದಿಯನ್ನು ನಾಲ್ಕಾಗಿ ಮಡಿಸಿ, ಹಳೆಯ ಕೆಂಪು ವಸ್ತ್ರದಲ್ಲಿ ಸುತ್ತಿ, ಗೂಡಿನಲ್ಲಿ ಅದೇ ಜಾಗದಲ್ಲಿಟ್ಟರು. ಕಳೆದ ನವರಾತ್ರಿಯಲ್ಲಿ ಹೋದಾಗ ನೋಡಿದೆ, ಅದಕ್ಕೂ ವಿಭೂತಿ ಹಚ್ಚಿತ್ತು.