ಚಳಿಗಾಲದ ಲೆಕ್ಕ

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಬೇಸ್‌ಬಾಲ್ ಹೆಚ್ಚು ಕುತೂಹಲಕರವೆನಿಸುವುದು ಮೈದಾನ ಬರಿದಾಗಿರುವ ಚಳಿಗಾಲದಲ್ಲಿ. 2001ರ ಋತು ಮುಗಿದೊಡನೆ ಅಮೆರಿಕದ ಓಕ್ಲೆಂಡ್ ಅಥ್ಲೆಟಿಕ್ಸ್ ತಂಡದಿಂದ ಜೇಸನ್ ಜಿಯಾಂಬಿಯನ್ನು ನ್ಯೂಯಾರ್ಕ್ ಯಾಂಕೀಸ್, ಜಾನಿ ಡೇಮನ್‌ರನ್ನು ಬೋಸ್ಟನ್ ರೆಡ್ ಸಾಕ್ಸ್ ಸೆಳೆದುಕೊಂಡವು. ಪ್ರತಿಸ್ಪರ್ಧಿಗಳಷ್ಟು ಹಣವಿಲ್ಲದ ವ್ಯವಸ್ಥಾಪಕ ಬಿಲ್ಲಿ ಬೀನ್, ಮಾರುಕಟ್ಟೆ ಕಡೆಗಣಿಸಿದ್ದ ಗುಣವೊಂದನ್ನು, ಅಂದರೆ ಔಟಾಗದೆ ಬೇಸ್ ತಲುಪುವ ಸಾಮರ್ಥ್ಯವನ್ನು, ಅಗ್ಗದಲ್ಲಿ ಕೊಂಡರು. 2002ರಲ್ಲಿ ತಂಡ ಸತತ 20 ಪಂದ್ಯಗಳನ್ನು ಗೆದ್ದಿತು. ಒಟ್ಟು ಗೆಲುವು ಯಾಂಕೀಸ್‌ನಷ್ಟೇ, 103.

ಆದರೆ ಜಾಣ್ಮೆಗೆ ಬೇಲಿಯಿಲ್ಲ. ಅದೇ ಲೆಕ್ಕಕ್ಕೆ ಹಣಬಲವನ್ನೂ ಕೂಡಿಸಿದ ಬೋಸ್ಟನ್ 2004ರಲ್ಲಿ ವಿಶ್ವ ಸರಣಿ ಗೆದ್ದಿತು. 2024ರ ಋತುವಿನ ಬಳಿಕ ಅಥ್ಲೆಟಿಕ್ಸ್ ಓಕ್ಲೆಂಡ್ ನಗರವನ್ನೇ ತೊರೆಯಿತು. ಆಟಗಾರ ಹೋದರೆ ಬದಲಿಯನ್ನು ಹುಡುಕಬಹುದು; ತಂಡವೇ ಹೋದ ಊರಿನ ಅಭಿಮಾನಿ ಚಳಿಗಾಲದಲ್ಲಿ ಯಾವ ಲೆಕ್ಕ ಹಾಕಬೇಕು?