ಹೊಸ ಎಸ್‌ಎಂಪಿಎಸ್, ಏಳದ ಕಂಪ್ಯೂಟರ್

ಸುಟ್ಟುಹೋದ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಪೆಟ್ಟಿಗೆ) ಬಿಚ್ಚಿ ಹೊಸದನ್ನು ಕೂರಿಸಿದ್ದಾಯಿತು. ಸ್ವಿಚ್ ಒತ್ತಿದರೆ ಕಂಪ್ಯೂಟರ್ ಜಪ್ಪಯ್ಯ ಎಂದರೂ ಏಳುತ್ತಿಲ್ಲ. ‘ಮದರ್‌ಬೋರ್ಡೂ ಹೋಯ್ತು’ ಎಂದು ಕೈಚೆಲ್ಲುವವರೇ ಹೆಚ್ಚು. ಅಷ್ಟು ಅವಸರ ಬೇಡ. ಸ್ವಿಚ್ ಒತ್ತಿದ ಕ್ಷಣದಿಂದ ಪರದೆಯ ಮೇಲೆ ಏನಾದರೂ ಮೂಡುವವರೆಗೆ ಎಸ್‌ಎಂಪಿಎಸ್‌ಗೂ ಮದರ್‌ಬೋರ್ಡಿಗೂ ನಡುವೆ ಪುಟ್ಟದೊಂದು ಮಾತುಕತೆ ನಡೆಯುತ್ತದೆ. ಅದು ಎಲ್ಲಿ ಕಡಿದುಬಿತ್ತು ಎಂದು ಗೊತ್ತಾದರೆ ದೋಷವೂ ಅಲ್ಲೇ ಅಕ್ಕಪಕ್ಕ ಸಿಗುತ್ತದೆ.

ಹಳೆಯ ಕಂಪ್ಯೂಟರ್‌ಗಳಲ್ಲಿ ಮುಂದಿನ ಸ್ವಿಚ್ಚೇ ಮನೆಯ ಕರೆಂಟನ್ನು ಹಾಯಿಸುತ್ತಿತ್ತು, ಕಡಿಯುತ್ತಿತ್ತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಮಾನಕ ತಂದ ಮೇಲೆ ಸ್ವಿಚ್ಚಿನ ಕೆಲಸ ಬರೀ ಕೇಳುವುದಷ್ಟೇ ಆಯಿತು. ಪ್ಲಗ್ ಹಾಕಿ ಹಿಂದಿನ ಗುಂಡಿ ಆನ್ ಮಾಡಿದೊಡನೆ 24 ಪಿನ್ನಿನ ದೊಡ್ಡ ಕನೆಕ್ಟರಿನ ನೇರಳೆ ತಂತಿಯಲ್ಲಿ 5 ವೋಲ್ಟ್ ಬರುತ್ತದೆ, ಕಂಪ್ಯೂಟರ್ ಮಲಗಿದ್ದರೂ ಸರಿ. ನೀವು ಸ್ವಿಚ್ ಒತ್ತಿದಾಗ ಮದರ್‌ಬೋರ್ಡ್ ಹಸಿರು ತಂತಿಯ ವೋಲ್ಟೇಜನ್ನು ಸೊನ್ನೆಗೆ ಇಳಿಸುತ್ತದೆ. ಅದನ್ನು ಕಂಡ ಎಸ್‌ಎಂಪಿಎಸ್ ಹಳದಿಯಲ್ಲಿ 12, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ವೋಲ್ಟ್ ಹೊರಡಿಸುತ್ತದೆ. ಇವು ಶೇಕಡಾ 5ರ ಮಿತಿಯೊಳಗೆ ಸ್ಥಿರವಾದ ಮೇಲೆ, ಸುಮಾರು ಅರ್ಧ ಸೆಕೆಂಡಿನೊಳಗೆ, ಬೂದು ತಂತಿಯಲ್ಲಿ ‘ಪವರ್ ಗುಡ್’ ಸಂಕೇತ ಹೋಗುತ್ತದೆ. ಅದು ಬರುವತನಕ ಪ್ರೊಸೆಸರ್ ಒಂದಕ್ಷರ ಲೆಕ್ಕವನ್ನೂ ಮಾಡುವುದಿಲ್ಲ. (ಈಗಿನ ಅನೇಕ ಎಸ್‌ಎಂಪಿಎಸ್‌ಗಳಲ್ಲಿ ಚೆಂದಕ್ಕೆಂದು ಎಲ್ಲ ತಂತಿಗೂ ಕಪ್ಪು ಬಣ್ಣವೇ. ರಿಪೇರಿ ಮಾಡುವವರ ಶಾಪ ಆ ಚೆಂದಕ್ಕೆ ತಟ್ಟದೆ ಇರದು.)

ಫ್ಯಾನ್ ತಿರುಗದೆ, ಬೋರ್ಡಿನ ಮೇಲೆ ಒಂದು ದೀಪವೂ ಇಲ್ಲದಿದ್ದರೆ ಮಾತುಕತೆ ಶುರುವೇ ಆಗಿಲ್ಲ. ಹಿಂದಿನ ಗುಂಡಿ, ಪ್ಲಗ್, 24 ಪಿನ್ನಿನ ಕನೆಕ್ಟರ್ ನೋಡಿ. ಆ ಕನೆಕ್ಟರ್ ಬಿಗಿ. ಕೊಕ್ಕೆ ‘ಟಕ್’ ಎನ್ನುವವರೆಗೆ ಒತ್ತಬೇಕು. ಕೆಲವು ಅಗ್ಗದ ಪೆಟ್ಟಿಗೆಗಳ ಬೆನ್ನಿನಲ್ಲಿ 115–230 ಎಂಬ ಕೆಂಪು ಗುಂಡಿ ಇರುತ್ತದೆ. ನಮ್ಮಲ್ಲಿ ಅದು 230ರಲ್ಲೇ ಇರಬೇಕು. 115ಕ್ಕಿಟ್ಟು ಕರೆಂಟ್ ಕೊಟ್ಟರೆ ಢಮ್ ಎಂಬ ಸದ್ದು ಖಂಡಿತ.

ದೀಪ ಉರಿಯುತ್ತಿದ್ದು ಸ್ವಿಚ್ಚಿಗೆ ಮಾತ್ರ ಸ್ಪಂದನೆ ಇಲ್ಲದಿದ್ದರೆ, ಕ್ಯಾಬಿನೆಟ್ಟಿನೊಳಗೆ ಕೈಯಾಡಿಸುವಾಗ ಮುಂದಿನ ಸ್ವಿಚ್ಚಿನ ಎರಡು ಪಿನ್ನಿನ ಸಣ್ಣ ತಂತಿ ಕಿತ್ತು ಬಂದಿರಬಹುದು. ಅದು ಕೂರುವ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ. ಕಂಪ್ಯೂಟರ್ ಎದ್ದರೆ ತಪ್ಪು ಆ ತಂತಿಯದ್ದೋ ಸ್ವಿಚ್ಚಿನದ್ದೋ.

ಫ್ಯಾನುಗಳೆಲ್ಲ ಭರ್ರೆನ್ನುತ್ತವೆ, ಪರದೆ ಮಾತ್ರ ಕಪ್ಪು. ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವ ಲಕ್ಷಣ ಇದು. ಪ್ರೊಸೆಸರಿನ ಪಕ್ಕ, ಬೋರ್ಡಿನ ಮೂಲೆಯಲ್ಲಿ 4 ಅಥವಾ 8 ಪಿನ್ನಿನ ಇನ್ನೊಂದು ಸಾಕೆಟ್ ಇರುತ್ತದೆ. ಅದನ್ನು ಮರೆಯುವವರು ಬಹಳ. ಪ್ರೊಸೆಸರ್ ನಡೆಯುವುದು ಸುಮಾರು ಒಂದು ವೋಲ್ಟಿನ ಮೇಲೆ. 1.2 ವೋಲ್ಟಿನಲ್ಲಿ 65 ವ್ಯಾಟ್ ಬೇಕೆಂದರೆ 54 ಆಂಪಿಯರ್ ಹರಿಯಬೇಕು. ಅಷ್ಟನ್ನು ಎಸ್‌ಎಂಪಿಎಸ್‌ನಿಂದಲೇ ತರಲು ಬೆರಳುಗಾತ್ರದ ಕೇಬಲ್ ಬೇಕಾದೀತು. ಹಾಗಾಗಿ ಪೆಂಟಿಯಂ 4ರ ಕಾಲದಿಂದ 12 ವೋಲ್ಟನ್ನು ಪ್ರತ್ಯೇಕ ತಂತಿಯಲ್ಲಿ ಅಲ್ಲಿಗೇ ಒಯ್ದು, ಪ್ರೊಸೆಸರಿನ ಮಗ್ಗುಲಲ್ಲೇ ಇಳಿಸಿಕೊಳ್ಳುತ್ತಾರೆ. ಅದೊಂದು ತಂತಿ ಇಲ್ಲದಿದ್ದರೆ ಫ್ಯಾನಿಗೆ, ದೀಪಕ್ಕೆ ಕರೆಂಟ್ ಉಂಟು, ಪ್ರೊಸೆಸರಿಗೆ ಇಲ್ಲ. ಗ್ರಾಫಿಕ್ಸ್ ಕಾರ್ಡಿನ 8 ಪಿನ್ ಕನೆಕ್ಟರ್ ನೋಡಲು ಹೆಚ್ಚುಕಡಿಮೆ ಹೀಗೇ ಇದ್ದರೂ ಅದರಲ್ಲಿ 12 ವೋಲ್ಟೂ ಗ್ರೌಂಡೂ ಅದಲುಬದಲು, ಅದನ್ನು ಇಲ್ಲಿ ಚುಚ್ಚಬೇಡಿ. ನಾಲ್ಕು ಮತ್ತು ನಾಲ್ಕಾಗಿ ಬಿಡಿಸಿಕೊಳ್ಳುವುದು ಪ್ರೊಸೆಸರಿನದು, ಆರು ಮತ್ತು ಎರಡಾಗಿ ಬಿಡಿಸಿಕೊಳ್ಳುವುದು ಗ್ರಾಫಿಕ್ಸಿನದು. ತಂತಿ ಸರಿಯಿದ್ದೂ ಪರದೆ ಕಪ್ಪಾಗಿದ್ದರೆ ರ್‍ಯಾಮ್ ತೆಗೆದು ಮತ್ತೆ ಕೂರಿಸಿ ನೋಡಿ.

ಹೊಸ ಪೆಟ್ಟಿಗೆಯ ಮೇಲೇ ಅನುಮಾನವಿದ್ದು, ಅದರ ತಂತಿಗಳಿಗೆ ಬೇರೆ ಬೇರೆ ಬಣ್ಣವಿದ್ದರೆ, 24 ಪಿನ್ನಿನ ಕನೆಕ್ಟರನ್ನು ಬೋರ್ಡಿನಿಂದ ಕಿತ್ತು, ಹಸಿರು ತಂತಿಗೂ ಯಾವುದಾದರೊಂದು ಕಪ್ಪು (ಗ್ರೌಂಡ್) ತಂತಿಗೂ ಪೇಪರ್ ಕ್ಲಿಪ್ಪಿನಿಂದ ಸೇತುವೆ ಹಾಕಿ, ಆಮೇಲೆ ಪ್ಲಗ್ ಹಾಕಿ. ಸಾಮಾನ್ಯವಾಗಿ ಫ್ಯಾನ್ ತಿರುಗುತ್ತದೆ, ಮಲ್ಟಿಮೀಟರಿನಲ್ಲಿ ಹಳದಿ ತಂತಿ 11.4ರಿಂದ 12.6 ವೋಲ್ಟಿನೊಳಗೆ ತೋರಿಸಬೇಕು. ಭಾರ ಬಿದ್ದಾಗ ತಡೆಯುತ್ತದೆಯೇ ಎಂಬುದು ಇದರಿಂದ ತಿಳಿಯುವುದಿಲ್ಲ. ಪೆಟ್ಟಿಗೆಯನ್ನಂತೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿ ಉಳಿದಿರಬಹುದು.

ಇನ್ನು ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತುಬಿಡುವುದು. ಎಲ್ಲೋ ಶಾರ್ಟ್ ಆಗಿದೆ, ಎಸ್‌ಎಂಪಿಎಸ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿದೆ. ಡ್ರೈವ್, ಕಾರ್ಡುಗಳನ್ನೆಲ್ಲ ಕಳಚಿ ಒಂದೊಂದಾಗಿ ಮರಳಿ ಸೇರಿಸಿದರೆ ಕಳ್ಳ ಸಿಗುತ್ತಾನೆ. ಹೀಗೆ ಸಿಕ್ಕಿದ್ದು ಹಾರ್ಡ್ ಡಿಸ್ಕ್ ಆಗಿದ್ದರೆ ಕೇಬಲ್ ಯಾವುದು ಹಾಕಿದಿರಿ ಎಂದು ನೆನಪಿಸಿಕೊಳ್ಳಿ. ಕೇಬಲ್‌ಗಳನ್ನು ಕಳಚಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್‌ಗಳಲ್ಲಿ ಡಿಸ್ಕಿನ ಕಡೆಯ ತುದಿಗೆ ಮಾನಕವಿದೆ, ಪೆಟ್ಟಿಗೆಯ ಕಡೆಯ ತುದಿಗೆ ಇಲ್ಲ. ಅಲ್ಲಿ ಒಬ್ಬೊಬ್ಬ ತಯಾರಕನದು ಒಂದೊಂದು ಜೋಡಣೆ, ಒಂದೇ ಕಂಪನಿಯ ಎರಡು ಮಾಡೆಲ್‌ಗಳ ನಡುವೆಯೂ ವ್ಯತ್ಯಾಸ ಇರಬಹುದು. ಪ್ಲಾಸ್ಟಿಕ್ ಮಾತ್ರ ಸಲೀಸಾಗಿ ಕೂತುಬಿಡುತ್ತದೆ. ಕ್ಯಾಬಿನೆಟ್ಟಿನಲ್ಲಿ ನೀಟಾಗಿ ಕಟ್ಟಿಟ್ಟ ಹಳೆಯ ಕೇಬಲ್ ಬಿಚ್ಚುವ ಸೋಮಾರಿತನಕ್ಕೆ ಪೆಟ್ಟಿಗೆಯಷ್ಟನ್ನೇ ಬದಲಾಯಿಸಿದರೆ, 5 ವೋಲ್ಟ್ ಬರಬೇಕಾದಲ್ಲಿ 12 ವೋಲ್ಟ್ ಬಂದು ಡಿಸ್ಕ್ ಕುಳಿತುಬಿಡಬಹುದು.

ಹಾಗಾದರೂ ಆ ಡಿಸ್ಕನ್ನು ಗುಜರಿಗೆ ಹಾಕಬೇಡಿ. ಡೆಸ್ಕ್‌ಟಾಪಿನ ಅನೇಕ ಹಾರ್ಡ್ ಡಿಸ್ಕುಗಳ ಹಸಿರು ಬೋರ್ಡಿನಲ್ಲಿ, ಪವರ್ ಸಾಕೆಟ್ಟಿನ ಹತ್ತಿರ, ಅಕ್ಕಿಕಾಳಿಗಿಂತ ತುಸು ದೊಡ್ಡ ಕಪ್ಪು ಡಯೋಡ್‌ಗಳಿರುತ್ತವೆ. ವೋಲ್ಟೇಜ್ ಮಿತಿ ಮೀರಿದಾಗ ಅವು ತಾವು ಶಾರ್ಟ್ ಆಗಿ ಉಳಿದ ಭಾಗಗಳನ್ನು ಉಳಿಸುತ್ತವೆ. ಬಲ್ಲ ರಿಪೇರಿಯವರು ಸತ್ತ ಡಯೋಡನ್ನು ಕಿತ್ತು, ಡಿಸ್ಕನ್ನು ಓಡಿಸಿ, ಫೋಟೊ ಕಡತಗಳನ್ನು ನಕಲಿಸಿಕೊಡುವುದುಂಟು. ನಕಲಾದ ಮೇಲೆ ಆ ಡಿಸ್ಕನ್ನು ನಿತ್ಯದ ಕೆಲಸಕ್ಕೆ ಬಳಸಬಾರದು. ಇನ್ನೊಮ್ಮೆ ವೋಲ್ಟೇಜ್ ಏರಿದರೆ ಅಡ್ಡ ನಿಲ್ಲಲು ಅಲ್ಲಿ ಡಯೋಡ್ ಇರುವುದಿಲ್ಲ.