ಗಂಟು ಕೈಗೆ ಸಿಕ್ಕ ಮೇಲಿನ ದಾರಿ

ಅಕ್ಟೋಬರ್ ತಿಂಗಳು ಬಂದರೆ ಗುಲಾಬಿ ರಿಬ್ಬನ್ ಎಲ್ಲೆಡೆ ಕಾಣಿಸುತ್ತದೆ. ಕಾಲೇಜುಗಳಲ್ಲಿ ಉಪನ್ಯಾಸ, ನಗರಗಳಲ್ಲಿ ಬೆಳಗಿನ ಓಟ, ಪತ್ರಿಕೆಗಳಲ್ಲಿ ವೈದ್ಯರ ಲೇಖನ. ಇದರಿಂದ ಒಳ್ಳೆಯದೇ ಆಗಿದೆ. ಸ್ತನ ಕ್ಯಾನ್ಸರ್ ಎಂಬ ಹೆಸರನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವಷ್ಟು ಸಂಕೋಚ ಕಳೆದಿದೆ. ಆದರೆ 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಒಂದು ಅಂಕಿ ನಮ್ಮನ್ನು ತಡೆದು ನಿಲ್ಲಿಸಬೇಕು. ಕ್ಯಾನ್ಸರ್ ಇದೆಯೇ ಎಂದು ತಿಳಿಯಲು ಒಮ್ಮೆಯಾದರೂ ಸ್ತನ ತಪಾಸಣೆ ಮಾಡಿಸಿಕೊಂಡವರು 30ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 0.9 ಮಾತ್ರ. ನೂರಕ್ಕೆ ಒಬ್ಬರೂ ಇಲ್ಲ. ಇದನ್ನು ಕೇಳಿದವರು ಸಾಮಾನ್ಯವಾಗಿ ‘ನಮ್ಮ ಹೆಂಗಸರಿಗೆ ತಿಳಿವಳಿಕೆ ಸಾಲದು’ ಎಂದುಬಿಡುತ್ತಾರೆ. ಆ ಮಾತಿನಲ್ಲಿ ಸ್ವಲ್ಪ ನಿಜವಿದೆ. ಆದರೆ ತಪ್ಪೆಲ್ಲವನ್ನೂ ಹೆಂಗಸರ ತಲೆಗೆ ಕಟ್ಟಿ, ತಪಾಸಣೆಯನ್ನು ಅವರ ಹತ್ತಿರಕ್ಕೆ ಒಯ್ಯಬೇಕಾದವರನ್ನು ಅದು ಸುಲಭವಾಗಿ ಬಿಟ್ಟುಬಿಡುತ್ತದೆ. ಗಂಟು ಕೈಗೆ ಸಿಕ್ಕ ದಿನಕ್ಕೂ ಚಿಕಿತ್ಸೆ ಶುರುವಾಗುವ ದಿನಕ್ಕೂ ನಡುವಿನ ದಾರಿಯೇ ನಮ್ಮಲ್ಲಿ ದುರ್ಗಮವಾಗಿದೆ ಎಂಬುದು ನನ್ನ ವಾದ.

ಕಾಯಿಲೆ ಎಷ್ಟು ದೊಡ್ಡದು ಎಂಬುದನ್ನು ಮೊದಲು ನೋಡೋಣ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು, ಸುಮಾರು 98 ಸಾವಿರ ಮಂದಿ ತೀರಿಕೊಂಡರು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಗರದ ಕ್ಯಾನ್ಸರ್ ಲೆಕ್ಕವನ್ನು ಇಡುತ್ತ ಬಂದಿದೆ. ಒಂದು ಕಾಲಕ್ಕೆ ಅಲ್ಲಿ ಮುಂದಿದ್ದ ಗರ್ಭಕಂಠದ ಕ್ಯಾನ್ಸರನ್ನು ಸ್ತನ ಕ್ಯಾನ್ಸರ್ ಹಿಂದಕ್ಕೆ ಹಾಕಿ ಎಷ್ಟೋ ವರ್ಷಗಳಾದವು. ದೇಶದ 11 ಕಡೆಯ ನೋಂದಣಿ ದಾಖಲೆಗಳನ್ನು ಜೋಡಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇನ್ನೂ ಮುಖ್ಯವಾದ ಸಂಗತಿಯನ್ನು ಹೇಳುತ್ತದೆ. ಗಂಟು ಸ್ತನದೊಳಗೇ ಇರುವಾಗ ಪತ್ತೆಯಾದವರಲ್ಲಿ ಐದು ವರ್ಷದ ನಂತರ ಬದುಕಿದ್ದವರು ನೂರಕ್ಕೆ 81. ಕಂಕುಳಿನ ಗ್ರಂಥಿಗೋ ಸುತ್ತಲಿನ ಭಾಗಕ್ಕೋ ಹರಡಿದ ಮೇಲೆ ಬಂದವರಲ್ಲಿ ಸುಮಾರು 65. ಮೂಳೆ, ಶ್ವಾಸಕೋಶದಂಥ ದೂರದ ಅಂಗಕ್ಕೆ ಹರಡಿದ ಮೇಲೆ ಬಂದವರಲ್ಲಿ 18. ಮೂವರಿಗೂ ಬಂದಿದ್ದು ಅದೇ ಕಾಯಿಲೆ, ಬೇರೆಯಾಗಿದ್ದು ಅವರು ಬಂದ ಹೊತ್ತು. ಮತ್ತು ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಎರಡನೆಯ ಗುಂಪಿನಲ್ಲಿದ್ದಾರೆ.

ತಡವಾಗುವುದಕ್ಕೆ ಕಾರಣ ಕಾಯಿಲೆಯ ಸ್ವಭಾವದಿಂದಲೇ ಶುರುವಾಗುತ್ತದೆ. ಆರಂಭದ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ಜ್ವರವಿಲ್ಲ, ಸುಸ್ತಿಲ್ಲ, ಕೆಲಸಕ್ಕೆ ಅಡ್ಡಿಯಿಲ್ಲ. ನೋವು ಬಂದಾಗಲೇ ಆಸ್ಪತ್ರೆ ಎಂದು ಬೆಳೆದ ಹೆಣ್ಣಿಗೆ ‘ನೋವಿಲ್ಲವಲ್ಲ, ಇರಲಿ ಬಿಡು’ ಎನ್ನಿಸುವುದು ಸಹಜ. ಮಗುವಿಗೆ ಹಾಲೂಡಿಸುತ್ತಿದ್ದರೆ ಹಾಲು ಕಟ್ಟಿಕೊಂಡಿದೆ ಎಂದುಕೊಳ್ಳುತ್ತಾಳೆ. ‘ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ’ ಎಂಬ ಧೈರ್ಯ ಇನ್ನೊಂದು. ವಂಶವಾಹಿಯಿಂದ ಬರುವ ಸ್ತನ ಕ್ಯಾನ್ಸರ್ ನೂರಕ್ಕೆ ಐದರಿಂದ ಹತ್ತು ಮಾತ್ರ ಎಂಬುದನ್ನು ಅವಳಿಗೆ ಯಾರೂ ಹೇಳಿರುವುದಿಲ್ಲ. ‘ಸೂಜಿ ಚುಚ್ಚಿದರೆ ಹರಡುತ್ತದೆ’ ಎಂಬ ಸುಳ್ಳಂತೂ ಓದಿದವರ ಮನೆಯಲ್ಲೂ ಗಟ್ಟಿಯಾಗಿ ಕೂತಿದೆ. ಇಷ್ಟರಮಟ್ಟಿಗೆ ಅರಿವಿನ ಕೊರತೆ ನಿಜ. ಆದರೆ ಇದನ್ನೆಲ್ಲ ತಿಳಿದವಳ ಮುಂದೆಯೂ ಬೇರೆ ಅಡ್ಡಿಗಳಿವೆ. ಒಂದು ದಿನದ ಕೂಲಿ ಹೋಗುತ್ತದೆ. ಜೊತೆಗೆ ಬರಲು ಗಂಡನೋ ಮಗನೋ ರಜೆ ಹಾಕಬೇಕು. ಆಸ್ಪತ್ರೆಯಲ್ಲಿ ಗಂಡಸು ಡಾಕ್ಟರ್ ಇದ್ದರೆ ರವಿಕೆ ಬಿಚ್ಚುವುದು ಹೇಗೆ? ವಿಷಯ ಹೊರಗೆ ಹೋದರೆ ಮಗಳ ಸಂಬಂಧಕ್ಕೆ ಕುತ್ತು. ಹಾಗಾಗಿ ‘ಮದುವೆ ಒಂದು ಮುಗಿಯಲಿ’, ‘ಕೊಯ್ಲು ಮುಗಿಯಲಿ’ ಎಂದು ದಿನ ಮುಂದಕ್ಕೆ ಹೋಗುತ್ತದೆ. ಇದನ್ನು ಅಜ್ಞಾನ ಎಂದು ಕರೆಯುವುದು ಸರಿಯಲ್ಲ. ಮನೆಯ ಖರ್ಚಿನಲ್ಲಿ, ಮನೆಯವರ ಸರದಿಯಲ್ಲಿ ತನ್ನನ್ನು ಕೊನೆಗಿಟ್ಟುಕೊಳ್ಳುವಂತೆ ಕಲಿಸಿದ ಲೆಕ್ಕಾಚಾರ ಅದು.

ತಪಾಸಣೆಯೇ ಮನೆಯ ಹತ್ತಿರ ಬಂದರೆ, ಮಾಡುವವಳೂ ಹೆಂಗಸೇ ಆದರೆ ಏನಾಗುತ್ತದೆ? ಇದಕ್ಕೆ ಊಹೆ ಬೇಕಿಲ್ಲ, ನಮ್ಮ ದೇಶದ್ದೇ ಉತ್ತರವಿದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಇಂದ್ರನೀಲ್ ಮಿತ್ರ ಮತ್ತು ಸಂಗಡಿಗರು 1998ರಲ್ಲಿ 35ರಿಂದ 64 ವರ್ಷದ ಒಂದೂವರೆ ಲಕ್ಷ ಮಹಿಳೆಯರನ್ನು ಸೇರಿಸಿಕೊಂಡು ಅಧ್ಯಯನ ಆರಂಭಿಸಿದರು. ನಗರದ 20 ಪ್ರದೇಶಗಳಲ್ಲಿ ಹತ್ತಕ್ಕೆ ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸುತ್ತು ಕೈಯಿಂದ ಸ್ತನ ತಪಾಸಣೆ, ಜೊತೆಗೆ ಕ್ಯಾನ್ಸರ್ ಅರಿವಿನ ಪಾಠ; ಉಳಿದ ಹತ್ತಕ್ಕೆ ಒಂದು ಸುತ್ತು ಅರಿವಿನ ಪಾಠ ಮಾತ್ರ. ತಪಾಸಣೆ ಮಾಡಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಇಪ್ಪತ್ತು ವರ್ಷದ ಲೆಕ್ಕ 2021ರಲ್ಲಿ ಪ್ರಕಟವಾಯಿತು. ತಪಾಸಣೆಯಾದ ಕಡೆ ಕ್ಯಾನ್ಸರ್ ಆರಂಭಿಕ ಹಂತದಲ್ಲಿ ಸಿಕ್ಕಿತ್ತು; 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್‌ನಿಂದಾದ ಸಾವು ಶೇ 30ರ ಹತ್ತಿರ ಕಡಿಮೆಯಾಗಿತ್ತು. ಗಮನಿಸಿ, ಅರಿವಿನ ಪಾಠ ಎರಡೂ ಕಡೆ ತಲುಪಿತ್ತು. ಒಂದು ಕಡೆ ಮಾತ್ರ ಅದರ ಜೊತೆಗೆ ಮತ್ತೆ ಮತ್ತೆ ಬಂದು ಮುಟ್ಟಿ ನೋಡುವ ಕೈ ಇತ್ತು. ನಾಚಿಕೆಯ ಪ್ರಶ್ನೆಗೂ ಅದೇ ಯೋಜನೆಯಲ್ಲಿ ಉತ್ತರವಿದೆ. ಸ್ತನ ತಪಾಸಣೆಗಿಂತ ಹೆಚ್ಚು ಮುಜುಗರದ ಗರ್ಭಕಂಠ ತಪಾಸಣೆಗೆ ಕರೆದಾಗ ನೂರಕ್ಕೆ 89 ಮಂದಿ ಬಂದಿದ್ದರು. ಹೀಗಿರುವಾಗ ‘ನಮ್ಮ ಹೆಂಗಸರು ಒಪ್ಪುವುದಿಲ್ಲ’ ಎನ್ನುವವರು, ಅವರನ್ನು ಸರಿಯಾಗಿ ಕರೆದಿದ್ದೇವೆಯೇ ಎಂದು ಮೊದಲು ಕೇಳಿಕೊಳ್ಳಬೇಕು.

ಕೈಯಿಂದ ನೋಡುವುದೆಂದರೆ ಸುಮ್ಮನೆ ಒತ್ತಿ ನೋಡಿ ಕಳಿಸುವುದಲ್ಲ. ನಡುವಿನ ಮೂರು ಬೆರಳುಗಳ ತುದಿಯ ಮೆದುಭಾಗದಿಂದ, ಕಂಕುಳಿನಿಂದ ಎದೆಮೂಳೆಯವರೆಗೆ, ಕುತ್ತಿಗೆಯ ಕೆಳಗಿನ ಮೂಳೆಯಿಂದ ಸ್ತನದ ಕೆಳಮಡಿಕೆಯವರೆಗೆ, ಸಾಲುಸಾಲಾಗಿ, ಒಂದು ಬೆರಳಗಲವನ್ನೂ ಬಿಡದೆ ಸಾಗಬೇಕು. ಒಂದೊಂದು ಜಾಗದಲ್ಲೂ ಮೊದಲು ಚರ್ಮದಡಿಗೆ ಮುಟ್ಟುವಷ್ಟು ಹಗುರಾಗಿ, ಆಮೇಲೆ ಇನ್ನಷ್ಟು ಒತ್ತಿ, ಕೊನೆಗೆ ಪಕ್ಕೆಲುಬು ತಾಗುವಷ್ಟು ಒತ್ತಿ ಪುಟ್ಟ ವೃತ್ತ ತಿರುಗಿಸಬೇಕು. ಎರಡೂ ಸ್ತನಗಳನ್ನು ಹೀಗೆ ನೋಡಿ ಮುಗಿಸಲು ಹಲವು ನಿಮಿಷ ಬೇಕು. ಅರ್ಧ ನಿಮಿಷದಲ್ಲಿ ಮುಗಿದರೆ ಅದನ್ನು ತಪಾಸಣೆ ಎನ್ನಲಾಗದು. ಜರ್ಮನಿಯ ಸ್ತ್ರೀರೋಗ ತಜ್ಞ ಫ್ರಾಂಕ್ ಹಾಫ್‌ಮನ್ ಈ ಕೆಲಸಕ್ಕೆ ಅಂಧ ಮಹಿಳೆಯರನ್ನು ತರಬೇತುಗೊಳಿಸಿದರು. ಎದೆಯ ಮೇಲೆ ಬ್ರೈಲ್ ಗುರುತಿನ ಪಟ್ಟಿಗಳನ್ನು ಅಂಟಿಸಿ, ಎಲ್ಲಿ ಏನು ಸಿಕ್ಕಿತೆಂದು ನಿಖರವಾಗಿ ಹೇಳುವ ಪದ್ಧತಿ ಅದು. ದೆಹಲಿಯಲ್ಲಿ ರಾಷ್ಟ್ರೀಯ ಅಂಧರ ಸಂಘದ ಮಹಿಳಾ ಕೇಂದ್ರವೂ ಈ ತರಬೇತಿಯನ್ನು ಕೊಡುತ್ತಿದೆ. ಕಲಿತ ಕೈ ಎಷ್ಟು ಸೂಕ್ಷ್ಮವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಲ್ಲಿ ಒಂದು ಗಂಭೀರ ಆಕ್ಷೇಪ ಏಳುತ್ತದೆ. ಶ್ರೀಮಂತ ದೇಶಗಳಲ್ಲಿ ಮ್ಯಾಮೊಗ್ರಾಂ ಇದೆ, ಬಡವರಿಗೆ ಮಾತ್ರ ಕೈ ಸಾಕು ಎನ್ನುವುದು ನ್ಯಾಯವೇ? ಮ್ಯಾಮೊಗ್ರಾಂ ಕೈಗೆ ಸಿಗದಷ್ಟು ಸಣ್ಣ ಗಂಟನ್ನೂ ತೋರಿಸುತ್ತದೆ, ನಿಜ. 50 ದಾಟಿದ, ಅನುಕೂಲವಿರುವ ಮಹಿಳೆ ವೈದ್ಯರ ಸಲಹೆಯಂತೆ ಅದನ್ನು ಮಾಡಿಸಿಕೊಳ್ಳಲೇಬೇಕು. ಆದರೆ ಚಿಕ್ಕ ವಯಸ್ಸಿನಲ್ಲಿ ಸ್ತನದ ಅಂಗಾಂಶ ದಟ್ಟವಾಗಿರುತ್ತದೆ. ಚಿತ್ರದಲ್ಲಿ ಅದೂ ಬಿಳಿ, ಗಂಟೂ ಬಿಳಿ. ನಮ್ಮ ರೋಗಿಗಳಲ್ಲಿ ಆ ವಯಸ್ಸಿನವರ ಪಾಲು ದೊಡ್ಡದು. ಯಂತ್ರ ಕೊಂಡರೂ ಚಿತ್ರ ಓದುವ ತಜ್ಞರು ತಾಲ್ಲೂಕಿಗೊಬ್ಬರಂತೆ ಸಿಗುವುದಿಲ್ಲ. ಎಂದಿಗೂ ಹಾನಿ ಮಾಡದಿರಬಹುದಾದ ಬದಲಾವಣೆಗಳನ್ನೂ ಅದು ಹಿಡಿದುಕೊಟ್ಟು ಅನಗತ್ಯ ಶಸ್ತ್ರಚಿಕಿತ್ಸೆಗೆ ದಾರಿಮಾಡುವುದುಂಟು. ಹಾಗೆಂದು ಕೈಯ ಮಿತಿಯನ್ನೂ ಮುಚ್ಚಿಡಬಾರದು. ಮುಂಬೈ ಅಧ್ಯಯನದಲ್ಲಿ 50ಕ್ಕಿಂತ ಕೆಳಗಿನವರ ಸಾವಿನ ಪ್ರಮಾಣ ಗಣನೀಯವಾಗಿ ಇಳಿಯಲಿಲ್ಲ, ಎಲ್ಲ ವಯಸ್ಸನ್ನೂ ಸೇರಿಸಿದಾಗ ಸಿಕ್ಕ ಶೇ 15ರ ಇಳಿಕೆಯೂ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಟ್ಟಿಯಾಗಿರಲಿಲ್ಲ. ನನ್ನ ದೃಷ್ಟಿಯಲ್ಲಿ ಇದರರ್ಥ, ಕಿರಿಯ ವಯಸ್ಸಿನವರ ವಿಷಯದಲ್ಲಿ ನಮ್ಮ ಮೊದಲ ಹೊಣೆ ಲಕ್ಷಣವಿಲ್ಲದವರನ್ನೆಲ್ಲ ಪರೀಕ್ಷಿಸುವುದಕ್ಕಿಂತ, ಗಂಟು ಇದೆ ಎಂದು ಬಂದವಳನ್ನು ‘ನಿನಗಿನ್ನೂ ಚಿಕ್ಕ ವಯಸ್ಸು, ಏನೂ ಇರಲ್ಲ’ ಎಂದು ವಾಪಸು ಕಳಿಸದಿರುವುದು. ವಾಪಸು ಕಳಿಸುವವರಲ್ಲಿ ಮನೆಯವರ ಜೊತೆಗೆ ವೈದ್ಯರೂ ಇರುತ್ತಾರೆ.

‘ತಿಂಗಳಿಗೊಮ್ಮೆ ನೀವೇ ಪರೀಕ್ಷಿಸಿಕೊಳ್ಳಿ, ಅಷ್ಟು ಸಾಕು’ ಎನ್ನುವವರಿಗೂ ಉತ್ತರ ಕೊಡಬೇಕು. ಚೀನಾದ ಶಾಂಘೈನ ಬಟ್ಟೆ ಗಿರಣಿಗಳ 2.66 ಲಕ್ಷ ಮಹಿಳಾ ಕಾರ್ಮಿಕರ ಮೇಲೆ ನಡೆದ ಅಧ್ಯಯನದಲ್ಲಿ ಅರ್ಧದಷ್ಟು ಮಂದಿಗೆ ಈ ಸ್ವಯಂ ತಪಾಸಣೆಯನ್ನು ಶ್ರದ್ಧೆಯಿಂದ ಕಲಿಸಲಾಯಿತು. 2002ರಲ್ಲಿ ಬಂದ ಫಲಿತಾಂಶ ನಿರಾಸೆಯದು; ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ಕ್ಯಾನ್ಸರ್ ಅಲ್ಲದ ಗಂಟುಗಳ ಬಯಾಪ್ಸಿ ಹೆಚ್ಚಾಯಿತು. ಇದರಿಂದ ಸ್ವಂತ ಮೈಯನ್ನು ನೋಡಿಕೊಳ್ಳುವುದೇ ವ್ಯರ್ಥ ಎಂದು ತೀರ್ಮಾನಿಸಬೇಕಿಲ್ಲ. ತನ್ನ ಸ್ತನ ಸಾಮಾನ್ಯವಾಗಿ ಹೇಗಿರುತ್ತದೆಂದು ತಿಳಿದಿರುವ ಹೆಣ್ಣಿಗೆ ಹೊಸ ಗಂಟು, ಕುಳಿಬಿದ್ದ ಚರ್ಮ, ಒಳಕ್ಕೆ ಸೆಳೆದುಕೊಂಡ ತೊಟ್ಟು, ರಕ್ತಮಿಶ್ರಿತ ಸ್ರಾವ ಬೇಗ ಕಣ್ಣಿಗೆ ಬೀಳುತ್ತದೆ. ಕಂಡ ಮೇಲೆ ತೋರಿಸಲು ಜಾಗವಿರಬೇಕು, ಅಷ್ಟೆ. ಹತ್ತು ಗಂಟುಗಳಲ್ಲಿ ಎಂಟು ಕ್ಯಾನ್ಸರ್ ಆಗಿರುವುದಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು. ಯಾಕೆಂದರೆ ಬಹುಪಾಲು ಹೆಂಗಸರು ನೋಡಿರುವುದು ತಡವಾಗಿ ಹೋಗಿ ಸೋತವರನ್ನು. ಬೇಗ ಹೋಗಿ ಗುಣವಾದವರು ಸುದ್ದಿ ಹೊರಬೀಳದಂತೆ ಸುಮ್ಮನಿದ್ದುಬಿಡುತ್ತಾರೆ. ‘ಗೊತ್ತಾದರೆ ಸಾವೇ ಗತಿ, ಗೊತ್ತಾಗದಿರುವುದೇ ವಾಸಿ’ ಎಂಬ ಮಾತು ಹುಟ್ಟುವುದು ಹೀಗೆ. ಅದನ್ನು ಮೂಢನಂಬಿಕೆ ಎಂದು ಜರೆದರೆ ಏನೂ ಬದಲಾಗದು.

ಕಾಗದದ ಮೇಲೆ ವ್ಯವಸ್ಥೆ ಈಗಾಗಲೇ ಇದೆ. ಆಶಾ ಕಾರ್ಯಕರ್ತೆ ಮನೆಮನೆಗೆ ಒಯ್ಯುವ ಸಮುದಾಯ ಆಧಾರಿತ ತಪಾಸಣಾ ನಮೂನೆಯಲ್ಲಿ ಸ್ತನದಲ್ಲಿ ಗಂಟಿದೆಯೇ, ತೊಟ್ಟಿನಿಂದ ರಕ್ತ ಬರುತ್ತದೆಯೇ, ಆಕಾರ ಬದಲಾಗಿದೆಯೇ ಎಂಬ ಪ್ರಶ್ನೆಗಳಿವೆ. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಕೈತಪಾಸಣೆಯನ್ನು ವಿಧಿಸಿದೆ. ಬಿಪಿಎಲ್ ಕುಟುಂಬದ ಚಿಕಿತ್ಸೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ತಪಾಸಣೆಗೂ ಚಿಕಿತ್ಸೆಗೂ ನಡುವೆ ಇರುವುದೇ ಕಷ್ಟದ ಭಾಗ. ಹಿತ್ತಿಲಲ್ಲಿ ಅತ್ತೆ, ಮೈದುನ ನಿಂತಿರುವಾಗ ಕೇಳಿದ ಪ್ರಶ್ನೆಗೆ ಸೊಸೆ ‘ಇಲ್ಲ’ ಎನ್ನುತ್ತಾಳೆ, ನಮೂನೆಯಲ್ಲಿ ಆ ‘ಇಲ್ಲ’ವೇ ಉಳಿಯುತ್ತದೆ. ‘ಇದೆ’ ಎಂದವಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಅಲ್ಲಿಂದ ಬೆಂಗಳೂರಿಗೆ ಎಂದು ಬರೆದುಕೊಟ್ಟರೆ ಮೂರನೆಯ ಬಸ್ಸು ಹತ್ತುವ ಮೊದಲೇ ಅವಳು ಮನೆಗೆ ಮರಳಿರುತ್ತಾಳೆ. ಮುಂಬೈನ ಗರ್ಭಕಂಠ ತಪಾಸಣೆಯಲ್ಲೂ, ಅಷ್ಟು ಕಾಳಜಿಯ ನಡುವೆಯೂ, ಮುಂದಿನ ಪರೀಕ್ಷೆಗೆ ಕರೆದವರಲ್ಲಿ ಐವರಲ್ಲೊಬ್ಬರು ಹೋಗಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮೊದಲ ಭೇಟಿಯಿಂದ 60 ದಿನದೊಳಗೆ ರೋಗ ನಿರ್ಣಯವಾಗಬೇಕು ಎನ್ನುತ್ತದೆ. ನಮ್ಮಲ್ಲಿ ಅದು ಅಸಾಧ್ಯವೇನಲ್ಲ. ಸ್ಥಳಕ್ಕೆ ಅರಿವಳಿಕೆ ಕೊಟ್ಟು ದಪ್ಪ ಸೂಜಿಯಿಂದ ಗಂಟಿನ ಚೂರು ತೆಗೆಯುವುದಕ್ಕೆ ಆಸ್ಪತ್ರೆಯಲ್ಲಿ ಉಳಿಯಬೇಕಿಲ್ಲ. ತರಬೇತಿ ಪಡೆದ ಸರ್ಜನ್ ತಾಲ್ಲೂಕು ಆಸ್ಪತ್ರೆಯಲ್ಲೇ ಅದನ್ನು ಮಾಡಬಲ್ಲರು. ವಾರಕ್ಕೊಂದು ನಿಗದಿತ ದಿನ, ಅಂದು ಒಬ್ಬ ಮಹಿಳಾ ವೈದ್ಯೆ ಅಥವಾ ತರಬೇತಿ ಪಡೆದ ನರ್ಸ್, ಪರದೆ ಕಟ್ಟಿದ ಒಂದು ಕೋಣೆ, ಚೂರನ್ನು ಜಿಲ್ಲೆಯ ಪ್ರಯೋಗಾಲಯಕ್ಕೆ ಮುಟ್ಟಿಸುವ ಏರ್ಪಾಡು, ವರದಿ ಬಂದ ದಿನವೇ ಆಶಾ ಕಾರ್ಯಕರ್ತೆಯ ಫೋನಿಗೆ ಕರೆ. ಅವಳು ಆ ಮನೆಗೆ ಮತ್ತೆ ಹೋಗಿ ಗಂಟು ಕಂಡ ಹೆಂಗಸಿನ ಜೊತೆ ಬಸ್ಸು ಹತ್ತಿದರೆ, ಆ ದಿನದ ಸಂಭಾವನೆಯೂ ಅವಳ ಲೆಕ್ಕಕ್ಕೆ ಸೇರಬೇಕು.